ಮೊಟ್ಟೆ ನಿಂತಾಗ ಮೊದಲು ಕೋಳಿಯನ್ನು ಕೈಗೆತ್ತಿಕೊಳ್ಳಿ

(ಪೊನ್ನಂಪೇಟೆ ಕಡೆಯ ಊರೊಂದರಲ್ಲಿ, ಮನೆಯಂಗಳದಲ್ಲಿ ಕೋಳಿ ಸಾಕುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ಮಳೆ ಹಿಡಿದು ಒಂದೆರಡು ವಾರ ಆಯಿತು ಅಂದರೆ ಕೋಳಿ ಸಾಕುವ ಮನೆಗಳಲ್ಲಿ ಒಂದೇ ಪ್ರಶ್ನೆ. ‘ಮೊಟ್ಟೆ ನಿಂತುಬಿಟ್ಟಿದೆ, ಏನು ಔಷಧಿ ಹಾಕೋದು?’ ಅಂಗಡಿಯಲ್ಲಿ ಕೇಳಿದರೆ ಯಾವುದಾದರೂ ಬಾಟಲಿ ಸಿಗುತ್ತದೆ. ಅದನ್ನು ನೀರಿಗೆ ಹಾಕುತ್ತೇವೆ. ಕೆಲವು ವಾರ ಬಿಟ್ಟು ಮೊಟ್ಟೆ ಶುರುವಾದರೆ ಔಷಧಿಯಿಂದಲೇ ಅಂದುಕೊಳ್ಳುತ್ತೇವೆ. ಶುರುವಾಗದಿದ್ದರೆ ಆ ಕೋಳಿ ಸಾರಿಗೆ ಹೋಗುತ್ತದೆ.

ಇವತ್ತು ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಬಾಟಲಿಗೂ ಕತ್ತಿಗೂ ಮೊದಲು ಆ ಕೋಳಿಯನ್ನು ಕೈಗೆತ್ತಿಕೊಂಡು ನೋಡಿ. ಅದು ಬಿಡುವಿನಲ್ಲಿದೆಯಾ, ಇಲ್ಲಾ ತೊಂದರೆಯಲ್ಲಿದೆಯಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ, ಗೂಡಿನಲ್ಲಿ ಮೊಟ್ಟೆ ಇಲ್ಲ ಅಷ್ಟೆ. ಬಿಡುವಿನಲ್ಲಿರುವ ಕೋಳಿಗೆ ಔಷಧಿ ಕುಡಿಸಿದರೆ ದುಡ್ಡು ದಂಡ. ತೊಂದರೆಯಲ್ಲಿರುವ ಕೋಳಿಯನ್ನು ‘ಬಿಡುವು ಇರಬೇಕು’ ಅಂತ ಸುಮ್ನೆ ಬಿಟ್ಟರೆ ಜೀವವೇ ಹೋಗುತ್ತದೆ.

ಮೊದಲು ನಮ್ಮ ನಾಟಿ ಕೋಳಿಯಿಂದ ಎಷ್ಟು ಬಯಸಬಹುದು ಅನ್ನೋದನ್ನು ನೋಡೋಣ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ, ಮರಿ ಮಾಡುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ತೋಟದಂಚಿನಲ್ಲಿ ಬೆಳಗ್ಗೆ ಕೂಗುವುದು ಬೂದು ಕಾಡುಕೋಳಿ, ಅದು ಬೇರೆ ಜಾತಿ. ಆದರೆ ಅದಕ್ಕೂ ನಮ್ಮ ಕೋಳಿಗೂ ಸಂಬಂಧ ಇದೆ. ಸಾಕು ಕೋಳಿಗೆ ಹಳದಿ ಕಾಲು, ಹಳದಿ ಚರ್ಮ ಕೊಡುವ ಗುಣ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ನಿಮ್ಮ ಅಂಗಳದ ಹಳದಿ ಕಾಲಿನ ಹೇಂಟೆಯಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಹಕ್ಕಿಯ ರಕ್ತ ಇದೆ. ಈ ವಿಷಯ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು.

ನಾಟಿ ಹೇಂಟೆ ಒಂದು ಸಲಕ್ಕೆ ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ. ಆಮೇಲೆ ಮರಿಗಳನ್ನು ಓಡಾಡಿಸಿಕೊಂಡು ಇನ್ನೂ ಒಂದೂವರೆ, ಎರಡು ತಿಂಗಳು. ವರ್ಷಕ್ಕೆ ಇಂಥ ಮೂರು ನಾಲ್ಕು ಸುತ್ತು ಆದರೆ ಸುಮಾರು 40–60 ಮೊಟ್ಟೆ. ಅಂದರೆ ನಾಟಿ ಕೋಳಿ ವರ್ಷದ ಹೆಚ್ಚು ದಿನ ಮೊಟ್ಟೆ ಇಡುವುದೇ ಇಲ್ಲ. ಅದು ಅದರ ಆರೋಗ್ಯ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ತಳಿ ವರ್ಷಕ್ಕೆ 130–150 ಮೊಟ್ಟೆ ಕೊಡುತ್ತದೆ, ಸ್ವರ್ಣಧಾರ 180ರ ಆಸುಪಾಸು. ಇವು ಕಾವಿಗೆ ಕೂರುವುದು ಕಡಿಮೆ, ಹಾಗಾಗಿ ಮೊಟ್ಟೆ ಜಾಸ್ತಿ. ಆದರೆ ಜಾಸ್ತಿ ಮೊಟ್ಟೆ ಅಂದರೆ ಮೈಗೆ ಜಾಸ್ತಿ ಕೆಲಸ, ಜಾಸ್ತಿ ಮೇವು, ಜಾಸ್ತಿ ಸುಣ್ಣದ ಅಂಶ. ನಾಟಿ ಕೋಳಿಯ ಮೇವಿನಲ್ಲಿ ಗಿರಿರಾಜನ ಮೊಟ್ಟೆ ಬರಲ್ಲ.

ಒಂದು ಮೊಟ್ಟೆ ಹೇಗೆ ಆಗುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಾದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಹೇಂಟೆಯ ಹೊಟ್ಟೆಯಲ್ಲಿ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ಬಲಗಡೆಯದು ಬೆಳೆಯುವುದಿಲ್ಲ. ಕೋಳಿ ಕೊಯ್ದಾಗ ನೀವೇ ನೋಡಿರುತ್ತೀರಿ, ಸಾಸಿವೆಯಿಂದ ಹಿಡಿದು ಪೂರ್ತಿ ಹಳದಿ ಲೋಳೆಯ ಗಾತ್ರದವರೆಗೆ ಒಂದು ಗೊಂಚಲು ಇರುತ್ತದೆ. ಒಂದು ಹಳದಿ ಭಾಗ ಪೂರ್ತಿ ಬೆಳೆಯಲು ಕೊನೆಯ ಹಂತದಲ್ಲಿ ಸುಮಾರು ಎಂಟು ಹತ್ತು ದಿನ ಬೇಕು. ಬೆಳೆದ ಮೇಲೆ ಅದು ಕಳಚಿ ಮೊಟ್ಟೆ ನಾಳದ ಬಾಯಿಗೆ ಬೀಳುತ್ತದೆ. ಅಲ್ಲಿ ಇರುವುದು ಕಾಲು ಗಂಟೆ ಮಾತ್ರ. ಹುಂಜ ಕೂಡಿದ್ದರೆ ಫಲ ಕಟ್ಟುವುದು ಆ ಕಾಲು ಗಂಟೆಯಲ್ಲಿ. ಮುಂದಿನ ಮೂರು ಗಂಟೆಯಲ್ಲಿ ಸುತ್ತಲೂ ಬಿಳಿ ಲೋಳೆ ಸೇರುತ್ತದೆ. ನಂತರ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಒಳಗಿನ ತೆಳು ಪೊರೆಗಳು. ಕೊನೆಗೆ ಚಿಪ್ಪು. ಚಿಪ್ಪು ಕಟ್ಟುವುದಕ್ಕೇ ಸುಮಾರು 20 ಗಂಟೆ.

ಎಲ್ಲ ಸೇರಿ 24 ರಿಂದ 26 ಗಂಟೆ. ಒಂದು ಮೊಟ್ಟೆ ಇಟ್ಟ ಅರ್ಧ ಗಂಟೆಯ ಮೇಲೆ ಇನ್ನೊಂದು ಹಳದಿ ಕಳಚುತ್ತದೆ. ಅದಕ್ಕೇ ಇವತ್ತು ಎಂಟು ಗಂಟೆಗೆ ಇಟ್ಟ ಕೋಳಿ ನಾಳೆ ಒಂಬತ್ತೋ ಹತ್ತೋ ಗಂಟೆಗೆ ಇಡುತ್ತದೆ, ನಾಡಿದ್ದು ಇನ್ನೂ ತಡ. ಹೀಗೆ ಜಾರುತ್ತಾ ಮಧ್ಯಾಹ್ನ ದಾಟಿದರೆ ಒಂದು ದಿನ ತಪ್ಪುತ್ತದೆ, ಮತ್ತೆ ಬೆಳಗ್ಗೆಯಿಂದ ಶುರು. ಮಧ್ಯೆ ಒಂದು ದಿನ ಮೊಟ್ಟೆ ಇಲ್ಲ ಅಂತ ಯಾರೂ ಗಾಬರಿ ಪಡಬೇಕಾಗಿಲ್ಲ.

ಈಗ ಚಿಪ್ಪಿನ ಲೆಕ್ಕ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಸರಿಸುಮಾರು ಅರ್ಧ ಮಾತ್ರ ಮೈಗೆ ಹತ್ತುತ್ತದೆ. ಹಾಗಾಗಿ ಒಂದು ಮೊಟ್ಟೆಗೆ ನಾಲ್ಕು ಗ್ರಾಂ ಹೊಟ್ಟೆಗೆ ಹೋಗಬೇಕು. ಮೊಟ್ಟೆ ಕೋಳಿಗೆಂದೇ ಮಾಡಿದ ಮೇವಿನಲ್ಲಿ ಮೂರೂವರೆಯಿಂದ ನಾಲ್ಕು ಶೇಕಡಾ ಕ್ಯಾಲ್ಸಿಯಂ ಇರುವುದು ಈ ಲೆಕ್ಕದಿಂದ. ದಿನಕ್ಕೆ 110 ಗ್ರಾಂ ಮೇವು ತಿಂದರೆ ನಾಲ್ಕು ಗ್ರಾಂ ಸಿಕ್ಕಿತು. ನಾವು ಹಾಕುವ ಅನ್ನ, ನುಚ್ಚು, ಭತ್ತದಲ್ಲಿ ಕ್ಯಾಲ್ಸಿಯಂ ಏನೇನೂ ಇಲ್ಲ ಅಂದರೂ ನಡೆಯುತ್ತದೆ.

ಇನ್ನೊಂದು ವಿಷಯ. ಚಿಪ್ಪಿನ ಹೆಚ್ಚಿನ ಕೆಲಸ ನಡೆಯುವುದು ರಾತ್ರಿ, ಕೋಳಿ ಗಳದ ಮೇಲೆ ನಿದ್ದೆ ಮಾಡುವಾಗ. ಆಗ ಮೇವು ಇಲ್ಲ. ಹಾಗಾಗಿ ಕೋಳಿ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತದೆ. ಮೊಟ್ಟೆ ಇಡಲು ಶುರು ಮಾಡುವ ಸ್ವಲ್ಪ ಮೊದಲು ಹೇಂಟೆಯ ತೊಡೆ ಮೂಳೆಯ ಒಳಗೆ ಇದಕ್ಕಾಗಿಯೇ ಬೇರೆ ಮೂಳೆ ಬೆಳೆಯುತ್ತದೆ. ನಮ್ಮ ಐನ್‌ಮನೆಗಳ (ಹಿರಿಯರ ಮನೆಗಳ) ಭತ್ತ ತುಂಬಿಡುವ ಪತ್ತಾಯದ ಹಾಗೆ ಅದು. ಹಗಲು ತುಂಬಬೇಕು, ರಾತ್ರಿ ತೆಗೆಯಬೇಕು. ತುಂಬುವುದು ನಿಂತು ತೆಗೆಯುವುದು ಮಾತ್ರ ನಡೆದರೆ ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಕಾಲು ಸೋಲುತ್ತದೆ, ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಸಂಜೆ ಹೊತ್ತು, ಕೋಳಿ ಗೂಡು ಸೇರುವ ಮುಂಚೆ, ಒಂದು ತೆಂಗಿನ ಚಿಪ್ಪಿನಲ್ಲಿ ಕಪ್ಪೆಚಿಪ್ಪಿನ ಚೂರು ಇಡಿ. ಪುಡಿಗಿಂತ ಚೂರು ಒಳ್ಳೆಯದು. ಕಾಳು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ಅದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಕಪ್ಪೆಚಿಪ್ಪು ಸಿಗದಿದ್ದರೆ ಮನೆಯ ಮೊಟ್ಟೆ ಚಿಪ್ಪನ್ನೇ ತೊಳೆದು, ಬಾಣಲೆಯಲ್ಲಿ ಹುರಿದು, ಚಿಪ್ಪಿನ ಗುರುತು ಸಿಗದಷ್ಟು ಪುಡಿ ಮಾಡಿ ಕೊಡಿ. ಮೇವಿಗೆ ಬೆರೆಸಬೇಡಿ, ಬೇರೆ ಇಡಿ. ಬೇಕಾದ ಕೋಳಿ ತಾನಾಗಿ ತಿನ್ನುತ್ತದೆ, ಹುಂಜ ಮುಟ್ಟುವುದಿಲ್ಲ. ಮರಿಗಳಿಗೂ ಮೊಟ್ಟೆಗೆ ಬಾರದ ಎಳೆ ಹೇಂಟೆಗಳಿಗೂ ಮೊಟ್ಟೆ ಕೋಳಿಯ ಮೇವು ಬೇಡವೇ ಬೇಡ. ಅಷ್ಟು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡ ಕೆಡಿಸುತ್ತದೆ.

ಕಾಫಿ ತೋಟದ ಮನೆಗಳಲ್ಲಿ ಸುಣ್ಣದ ಚೀಲ ಇದ್ದೇ ಇರುತ್ತದೆ. ‘ಅದನ್ನೇ ಹಾಕಿದರೆ ಆಗಲ್ವಾ’ ಅಂತ ಕೇಳುತ್ತಾರೆ. ಸುಟ್ಟ ಸುಣ್ಣ, ಅರಳಿದ ಸುಣ್ಣ ಬಾಯಿ ಗಂಟಲು ಸುಡುತ್ತದೆ, ಕೊಡಬಾರದು. ಡಾಲಮೈಟ್‌ನಲ್ಲಿ ಮೆಗ್ನೀಷಿಯಂ ಇದೆ. ಅದರಿಂದ ಹಿಕ್ಕೆ ನೀರಾಗುತ್ತದೆ, ಚಿಪ್ಪು ಇನ್ನೂ ತೆಳುವಾಗುತ್ತದೆ. ಎರಡೂ ಕಾಫಿ ಗಿಡಕ್ಕೇ ಇರಲಿ.

ನಮ್ಮ ಮಳೆಗಾಲ

‘ಬಿಸಿಲು ಇಲ್ಲ, ಅದಕ್ಕೇ ಮೊಟ್ಟೆ ಇಲ್ಲ’ ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಕೋಳಿಗೆ ಬೆಳಕಿನ ಲೆಕ್ಕ ಬೇಕು. ಕಣ್ಣಿನಿಂದ ಮಾತ್ರ ಅಲ್ಲ, ತಲೆಬುರುಡೆ ದಾಟಿ ಬರುವ ಬೆಳಕನ್ನೂ ಅದರ ಮಿದುಳು ಗುರುತಿಸುತ್ತದೆ. ಹಗಲು ಉದ್ದವಾದರೆ ಮೊಟ್ಟೆಯ ಕೆಲಸ ಚುರುಕು, ಕುಗ್ಗಿದರೆ ನಿಧಾನ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಜೂನ್ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನದ್ದು ಹನ್ನೊಂದೂವರೆ. ಅಂದರೆ ಮೊಟ್ಟೆ ನಿಲ್ಲುವ ಮಳೆಗಾಲದಲ್ಲೇ ಹಗಲು ಉದ್ದ. ಮೋಡ ಕವಿದಿದ್ದರೂ ಕೋಳಿಗೆ ಬೇಕಾಗುವಷ್ಟು ಬೆಳಕು ಅಂಗಳದಲ್ಲಿ ಇರುತ್ತದೆ. ಇಲ್ಲದಿರುವುದು ಗೂಡಿನ ಒಳಗೆ. ಮಳೆ ಅಂತ ಇಡೀ ದಿನ ಗೋಣಿ ಇಳಿಬಿಟ್ಟ ಕತ್ತಲೆ ಗೂಡಿನಲ್ಲಿ ಕೂಡಿಹಾಕಿದರೆ ಕೋಳಿಯ ಪಾಲಿಗೆ ಹಗಲೇ ಆಗಿಲ್ಲ. ಸಿಲ್ವರ್ ಓಕ್ ನೆರಳಿನ ಕೆಳಗೆ ಗೂಡಿದ್ದರೆ ಇನ್ನೂ ಕಷ್ಟ.

ಹಾಗಾಗಿ ಗೂಡಿನ ಮಾಡಿಗೆ ಒಂದೆರಡು ಪಾರದರ್ಶಕ ಶೀಟು ಹಾಕಿಸಿ. ನಮ್ಮ ಮಳೆ ಗಾಳಿ ಪಡುವಣದಿಂದ, ನೈಋತ್ಯದಿಂದ ಹೊಡೆಯುತ್ತದೆ. ಆ ಕಡೆ ಗೋಡೆ ಇರಲಿ, ಮೂಡಣಕ್ಕೆ ತೆರೆದ ಜಾಲರಿ ಇರಲಿ. ನೆಲದಿಂದ ಎರಡು ಮೂರು ಅಡಿ ಎತ್ತರ ಇದ್ದರೆ ತೇವವೂ ತಟ್ಟಲ್ಲ, ಮುಂಗುಸಿ, ಕಾಡುಬೆಕ್ಕಿನ ಕಾಟವೂ ಕಡಿಮೆ. ಬಲ್ಬ್ ಹಾಕಬೇಕಾ ಅಂದರೆ, ನಾಟಿ ಕೋಳಿಗೆ ನಾನು ಬೇಡ ಅನ್ನುತ್ತೇನೆ. ಅದರ ಬಿಡುವನ್ನು ಕಸಿದುಕೊಂಡು ನಮಗೆ ಸಿಗುವುದು ನಾಲ್ಕಾರು ಮೊಟ್ಟೆ. ಸ್ವರ್ಣಧಾರದಂಥ ತಳಿ ಸಾಕಿ ಮಾರುವವರು ಬೆಳಗಿನ ಜಾವ ಒಂದೆರಡು ಗಂಟೆ ಸಣ್ಣ ಬಲ್ಬ್ ಉರಿಸಿ ಒಟ್ಟು 14 ಗಂಟೆ ಮಾಡಬಹುದು. ಒಂದೇ ದಿನ ಏರಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಏರಿಸಿ. ಎಳೆ ಹೇಂಟೆಗೆ ಮೈ ಬಲಿಯುವ ಮುಂಚೆ ಬೆಳಕು ಏರಿಸಿದರೆ ಮೊಟ್ಟೆ ಬೇಗ ಬರುತ್ತದೆ, ಆದರೆ ದಾರಿ ಇನ್ನೂ ಕಿರಿದಾಗಿರುತ್ತದೆ. ಸಿಕ್ಕಿಕೊಳ್ಳುವುದು ಅಂಥವುಗಳಲ್ಲೇ.

ನನ್ನ ಪ್ರಕಾರ ಮಳೆಗಾಲದಲ್ಲಿ ಬೆಳಕಿಗಿಂತ ದೊಡ್ಡ ಕೊರತೆ ಮೇವಿನದ್ದು. ಬೇಸಿಗೆಯಲ್ಲಿ ಕೋಳಿ ತರಗೆಲೆ ಕೆದರಿ ಹುಳು, ಗೆದ್ದಲು, ಎಳೆ ಹುಲ್ಲು ತಿಂದು ಬರುತ್ತದೆ. ನಾವು ಹಾಕುವ ಹಿಡಿ ಅಕ್ಕಿ ಅದರ ಮೇಲೆ ಒಂದಿಷ್ಟು ಹೆಚ್ಚು ಅಷ್ಟೆ. ಜುಲೈ–ಆಗಸ್ಟ್ ಹೊತ್ತಿನ ಕಕ್ಕಡದ ಮಳೆಯಲ್ಲಿ ಅದು ಹೊರಗೆ ಹೋಗಲ್ಲ. ಹಿಡಿ ಅಕ್ಕಿಯೇ ಪೂರ್ತಿ ಊಟವಾಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಹೊರಗೆ ಹೋಗುತ್ತದೆ, ಅನ್ನದಿಂದ ಅದು ತುಂಬಲ್ಲ. ಮೇಲೆ ಚಳಿ. ಒದ್ದೆ ಮೈಯ ಕೋಳಿ ತಿಂದದ್ದನ್ನು ಮೊದಲು ಮೈ ಬಿಸಿಗೆ ಖರ್ಚು ಮಾಡುತ್ತದೆ. ಮೊಟ್ಟೆಗೆ ಉಳಿಯುವುದೇನು?

ತೌಡು, ಜೋಳ, ಕಡಲೆಕಾಯಿ ಹಿಂಡಿ ಬೆರೆಸಿ ಕೊಡಿ. ಅಜೋಲಾ (ನೀರಲ್ಲಿ ಬೆಳೆಯುವ ಮೇವಿನ ಗಿಡ) ತೊಟ್ಟಿ ಇದ್ದರೆ ಅದೂ ಆಗುತ್ತದೆ. ಒಣಮೀನಿನ ಪುಡಿ ಒಳ್ಳೆಯದೇ, ಆದರೆ ಉಪ್ಪು ಹಾಕಿದ ಒಣಮೀನು ಬೇಡ, ಕೋಳಿಗೆ ಉಪ್ಪು ಜಾಸ್ತಿಯಾದರೆ ವಿಷ. ಅಂಗಡಿ ಮೇವು ಕೊಡುವವರು ಅದಕ್ಕೆ ಅರ್ಧಕ್ಕರ್ಧ ನುಚ್ಚು ಬೆರೆಸುತ್ತಾರೆ. ಬೆರೆಸಿ, ತೊಂದರೆಯಿಲ್ಲ, ಆದರೆ ಕ್ಯಾಲ್ಸಿಯಂ ಕೂಡ ಅರ್ಧಕ್ಕೆ ಇಳಿಯಿತು ಅನ್ನೋದು ನೆನಪಿರಲಿ. ಸಂಜೆಯ ಕಪ್ಪೆಚಿಪ್ಪು ಆಗ ತಪ್ಪಿಸುವ ಹಾಗೇ ಇಲ್ಲ.

ಬೂಷ್ಟಿನ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಮಳೆಗಾಲದ ತೇವಕ್ಕೆ ಜೋಳ, ಕಡಲೆಕಾಯಿ ಹಿಂಡಿ ಬೇಗ ಬೂಷ್ಟು ಹಿಡಿಯುತ್ತದೆ. ‘ಮನುಷ್ಯರಿಗೆ ಆಗಲ್ಲ, ಕೋಳಿಗೆ ಹಾಕು’ ಅನ್ನುವುದು ಹಳೆ ಅಭ್ಯಾಸ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಹಳದಿ ಲೋಳೆಗೆ ಬೇಕಾದ ಸಾಮಗ್ರಿ ತಯಾರಾಗುವುದೇ ಯಕೃತ್ತಿನಲ್ಲಿ. ಅದು ಕೆಟ್ಟರೆ ಮೊಟ್ಟೆ ಎಲ್ಲಿಂದ ಬರಬೇಕು? ಬಿಸಿಲಿಗೆ ಹಾಕಿದರೂ ಹುರಿದರೂ ಈ ವಿಷ ಪೂರ್ತಿ ಹೋಗಲ್ಲ. ಬೂಷ್ಟು ಹಿಡಿದ ಕಾಳನ್ನು ಯಾವ ಜೀವಕ್ಕೂ ಹಾಕಬೇಡಿ. ಮೇವು ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ, ಮುಚ್ಚಳದ ಡ್ರಮ್ಮಿನಲ್ಲಿ ನೆಲಕ್ಕೆ ತಾಗದ ಹಾಗೆ ಇಡಿ.

ಗೂಡಿನ ನೆಲಕ್ಕೆ ಭತ್ತದ ಹೊಟ್ಟು, ಮರದ ಹೊಟ್ಟು ಹಾಕಿ. ಮೂರು ನಾಲ್ಕು ಇಂಚು ಇರಲಿ, ದಿನಾ ಕೆದಕಿ. ಕುಕ್ಕರುಗಾಲಲ್ಲಿ ಕೂತು ಕೋಳಿಯ ಎತ್ತರಕ್ಕೆ ನಿಮ್ಮ ಮೂಗು ತನ್ನಿ. ಕಣ್ಣು ಉರಿದರೆ ಹೊಟ್ಟು ಬದಲಿಸುವ ಹೊತ್ತಾಯಿತು. ರಾತ್ರಿ ಟಾರ್ಚ್ ಹಿಡಿದು ಕೂರುವ ಗಳದ ಸಂದಿಗಳನ್ನೂ ನೋಡಿ. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಸಣ್ಣ ಕೆಂಪು ಹುಳುಗಳು ಅಲ್ಲಿರುತ್ತವೆ. ಜುಟ್ಟು ಬಿಳಿಚಿಕೊಂಡ ಎಷ್ಟೋ ಕೋಳಿಗಳ ಕಥೆ ಇದೇ.

ನೀರಿನ ಬಗ್ಗೆ ಒಂದು ಮಾತು. ಮೊಟ್ಟೆಯ ಮುಕ್ಕಾಲು ಭಾಗ ನೀರು. ಮಳೆಗಾಲದಲ್ಲಿ ನೀರಿಗೇನು ಕಡಿಮೆ ಅಂತ ಕೋಳಿ ಚರಂಡಿ ನೀರು ಕುಡಿಯಲು ಬಿಡುತ್ತೇವೆ. ಮೇ–ಜೂನ್‌ನಲ್ಲಿ ಮೆಣಸಿನ ಬಳ್ಳಿಗೂ ಕಾಫಿಗೂ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತ ಕಲಸಿದ ಡ್ರಮ್ಮಿನ ಸುತ್ತ ನೀಲಿ ನೀರು ನಿಂತಿರುತ್ತದೆ. ಅದು ಕೋಳಿಗೆ ವಿಷ. ಕಲಸುವ ಜಾಗಕ್ಕೆ ಬೇಲಿ ಹಾಕಿ, ಇಲ್ಲಾ ಆ ದಿನಗಳಲ್ಲಿ ಕೋಳಿ ಕೂಡಿಹಾಕಿ.

ಕೈಯಲ್ಲಿ ಹಿಡಿದು ನೋಡುವುದು

ಸಂಜೆ ಕೋಳಿ ಗಳದ ಮೇಲೆ ಕೂತ ಮೇಲೆ ಹಿಡಿಯುವುದು ಸುಲಭ. ಎಡಗೈ ಎದೆಯ ಕೆಳಗೆ ಕೊಟ್ಟು ಎತ್ತಿ, ತಲೆ ನಿಮ್ಮ ಮೊಣಕೈ ಕಡೆಗಿರಲಿ.

ಮೊದಲು ಹಿಂಭಾಗ. ಮೊಟ್ಟೆ ಬರುವ ದ್ವಾರ ಅಗಲವಾಗಿ, ತೇವವಾಗಿ, ಮೆತ್ತಗೆ ಇದ್ದರೆ ಅದು ಮೊಟ್ಟೆ ಇಡುತ್ತಿರುವ ಕೋಳಿ. ಸುಕ್ಕುಗಟ್ಟಿ, ದುಂಡಗೆ, ಒಣಗಿದ್ದರೆ ಇಡುತ್ತಿಲ್ಲ. ಅದರ ಎರಡೂ ಪಕ್ಕ ಎರಡು ತೆಳ್ಳನೆಯ ಮೂಳೆಯ ತುದಿ ಸಿಗುತ್ತದೆ. ನಡುವೆ ಎರಡು ಮೂರು ಬೆರಳು ಹಿಡಿದರೆ ಇಡುತ್ತಿದೆ. ಒಂದೇ ಬೆರಳು ಹಿಡಿದರೆ ಬಿಡುವು. ಹಳದಿ ಕಾಲಿನ ಕೋಳಿಯಲ್ಲಿ ಇನ್ನೊಂದು ಗುರುತಿದೆ. ಮೊಟ್ಟೆ ಇಡುತ್ತಾ ಹೋದಂತೆ ಮೈಯ ಹಳದಿ ಬಣ್ಣ ಮೊಟ್ಟೆಗೆ ಹೋಗುತ್ತದೆ. ಮೊದಲು ದ್ವಾರದ ಸುತ್ತ ಬಿಳಿಚುತ್ತದೆ, ಆಮೇಲೆ ಕಣ್ಣಿನ ಸುತ್ತ, ನಂತರ ಕೊಕ್ಕು, ಕೊನೆಗೆ ಕಾಲು. ನಿಂತ ಮೇಲೆ ಅದೇ ಕ್ರಮದಲ್ಲಿ ಬಣ್ಣ ತಿರುಗಿ ಬರುತ್ತದೆ. ಕಾಲು ಬಿಳಿಚಿದ ಹೇಂಟೆ ತಿಂಗಳುಗಟ್ಟಲೆ ಮೊಟ್ಟೆ ಕೊಟ್ಟದ್ದು.

ಈಗ ಎದೆಯ ನಡುಮೂಳೆ ಮುಟ್ಟಿ. ಎರಡೂ ಕಡೆ ಮಾಂಸ ಇದ್ದು, ಕಣ್ಣು ಚುರುಕಾಗಿದ್ದು, ಸಂಜೆ ಕತ್ತಿನ ಬುಡದ ಮೇವಿನ ಚೀಲ ತುಂಬಿದ್ದರೆ, ಮೊಟ್ಟೆ ಇಲ್ಲದಿದ್ದರೂ ಆ ಕೋಳಿ ಚೆನ್ನಾಗಿದೆ. ಗರಿ ಉದುರಿಸುತ್ತಿದೆಯಾ ನೋಡಿ. ವರ್ಷಕ್ಕೊಮ್ಮೆ ಹಳೆ ಗರಿ ಬಿಟ್ಟು ಹೊಸದು ಬರುವಾಗ ಎರಡು ಮೂರು ತಿಂಗಳು ಮೊಟ್ಟೆ ಇರಲ್ಲ. ಗರಿ ಬಹುಪಾಲು ಪ್ರೋಟೀನ್‌ನಿಂದ ಆಗುವಂಥದ್ದು, ಎರಡೂ ಕೆಲಸ ಒಟ್ಟಿಗೆ ಆಗಲ್ಲ. ಆಗ ಜುಟ್ಟು ಕುಗ್ಗಿ ಬಣ್ಣ ಕಡಿಮೆಯಾಗುತ್ತದೆ. ಅದು ರೋಗವಲ್ಲ.

ಎದೆಮೂಳೆ ಕತ್ತಿಯ ಅಂಚಿನಂತೆ ಸಿಕ್ಕರೆ, ರೆಕ್ಕೆ ಜೋತುಬಿದ್ದು ಕಣ್ಣು ಮುಚ್ಚುತ್ತಿದ್ದರೆ, ಹಿಕ್ಕೆ ಹಸಿರು ನೀರಾಗಿದ್ದರೆ, ಅದು ತೊಂದರೆ. ಜಂತುಹುಳ, ರಕ್ತ ಹೀರುವ ಹುಳ, ಇಲ್ಲಾ ಸೋಂಕು.

ಇನ್ನೊಂದು ಮಾತು ಕೈಲ್‌ಪೊಳ್ದ್ ಬಗ್ಗೆ. ಸೆಪ್ಟೆಂಬರ್ ಮೊದಲ ವಾರದ ಆ ಹಬ್ಬದ ಹೊತ್ತಿಗೆ ಹಲವು ಕೋಳಿಗಳು ಗರಿ ಬಿಡುವ ಹಂತದಲ್ಲಿರುತ್ತವೆ. ‘ಮೊಟ್ಟೆ ಇಡ್ತಿಲ್ಲ, ಇದನ್ನೇ ಕೊಯ್ಯೋಣ’ ಅಂತ ಎಷ್ಟೋ ಸಲ ಗುಂಪಿನ ಒಳ್ಳೆ ಹೇಂಟೆ ಕಡಂಬಟ್ಟಿನ (ಅಕ್ಕಿ ಕಡುಬಿನ) ಜೊತೆಗೆ ಹೋಗುತ್ತದೆ. ಒಳ್ಳೆ ಮೊಟ್ಟೆ ಕೋಳಿ ತಡವಾಗಿ ಗರಿ ಬಿಟ್ಟು ಬೇಗ ಮುಗಿಸುತ್ತದೆ. ಮೊಟ್ಟೆ ಕಡಿಮೆ ಇಡುವುದು ಬೇಗ ಶುರು ಮಾಡಿ ತಿಂಗಳುಗಟ್ಟಲೆ ಎಳೆಯುತ್ತದೆ. ಹಬ್ಬಕ್ಕೆ ಜಾಸ್ತಿಯಾದ ಹುಂಜಗಳಿವೆ, ಅವನ್ನು ನೋಡಿ. ಚೆನ್ನಾಗಿ ಇಟ್ಟ ಹೇಂಟೆಯನ್ನು ನವೆಂಬರ್–ಡಿಸೆಂಬರ್ ಹೊತ್ತಿನ ಹುತ್ತರಿ ಹಬ್ಬದವರೆಗಾದರೂ ಬಿಡಿ. ಅದು ಮತ್ತೆ ಶುರು ಮಾಡುತ್ತದೆ.

ಮೊಟ್ಟೆ ಹೇಳುವುದು

ಮೊಟ್ಟೆ ಬರುತ್ತಿದ್ದರೂ ಅದನ್ನು ನೋಡಿ. ಹೊಸ ಹೇಂಟೆ ಮೊದಮೊದಲು ಒಂದೆರಡು ಚಿಪ್ಪಿಲ್ಲದ ಮೆದು ಮೊಟ್ಟೆ, ಎರಡು ಹಳದಿಯ ಮೊಟ್ಟೆ, ಗೋಲಿಯಂಥ ಪುಟ್ಟ ಮೊಟ್ಟೆ ಇಟ್ಟರೆ ಚಿಂತೆ ಬೇಡ, ಯಂತ್ರ ಹೊಂದಿಕೊಳ್ಳುತ್ತಿದೆ. ಬಲಿತ ಹೇಂಟೆ ದಿನಾ ಮೆದು ಮೊಟ್ಟೆ ಇಟ್ಟರೆ ಮೇವು ನೋಡಿ. ಇಡೀ ಗುಂಪಿನಲ್ಲಿ ಒಟ್ಟಿಗೆ ಚಿಪ್ಪು ಸುಕ್ಕುಗಟ್ಟಿ, ಬಿಳಿ ಲೋಳೆ ನೀರಾಗಿ, ಜೊತೆಗೆ ಸೀನು ಕೆಮ್ಮು ಇದ್ದರೆ ಅದು ಉಸಿರಾಟದ ವೈರಸ್ ಸೋಂಕು ಇರಬಹುದು. ಕೋಳಿಗಳು ಲವಲವಿಕೆಯಿಂದಲೇ ಇದ್ದು, ಕಂದು ಮೊಟ್ಟೆ ಬಿಳಿಚಿ, ಚಿಪ್ಪೇ ಇಲ್ಲದ ಮೊಟ್ಟೆ ಸಾಲುಸಾಲಾಗಿ ಬಂದರೂ ಪಶುವೈದ್ಯರಿಗೆ ತೋರಿಸಿ. ಅದಕ್ಕೂ ಒಂದು ವೈರಸ್ ಇದೆ. ರಕ್ತದ ಚುಕ್ಕಿ ಅಂದರೆ ಹಳದಿ ಕಳಚುವಾಗ ಸಣ್ಣ ರಕ್ತನಾಳ ಒಡೆದದ್ದು. ತೆಗೆದು ಹಾಕಿ ತಿನ್ನಬಹುದು.

ಈಗ ತುರ್ತಿನ ವಿಷಯ. ಕೋಳಿ ಗೂಡಿಗೆ ಹೋಗಿ ಬರುತ್ತಿದೆ, ಮೊಟ್ಟೆ ಇಲ್ಲ. ಮೈ ನೆಟ್ಟಗೆ ಎತ್ತಿ, ಬಾಲ ಇಳಿಸಿ ನಿಲ್ಲುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತದೆ, ತಿಣುಕುತ್ತದೆ, ಮೇವು ಬಿಟ್ಟಿದೆ. ಇದು ಮೊಟ್ಟೆ ಸಿಕ್ಕಿಕೊಂಡಿರುವ ಗುರುತು. ಅಗಲವಾದ ಬಕೆಟ್ಟಿನಲ್ಲಿ ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿಯ ನೀರು ತೆಗೆದುಕೊಳ್ಳಿ. ಕೋಳಿಯ ಹೊಟ್ಟೆ ಮುಳುಗುವ ಹಾಗೆ 15–20 ನಿಮಿಷ ಹಿಡಿದು ಕೂರಿ. ಆಮೇಲೆ ಚೆನ್ನಾಗಿ ಒರೆಸಿ, ದ್ವಾರದ ಸುತ್ತ ಕೊಬ್ಬರಿ ಎಣ್ಣೆ ಸವರಿ, ಬೆಚ್ಚಗಿನ ಕತ್ತಲೆ ಜಾಗದಲ್ಲಿ ಒಬ್ಬಂಟಿಯಾಗಿ ಬಿಡಿ. ಹೊಟ್ಟೆ ಹಿಸುಕಬೇಡಿ. ಒಳಗೆ ಮೊಟ್ಟೆ ಒಡೆಯಲು ಹೋಗಬೇಡಿ, ಚಿಪ್ಪಿನ ಚೂರು ನಾಳವನ್ನು ಕೊಯ್ಯುತ್ತದೆ. ಕೆಲವು ಗಂಟೆಯಲ್ಲಿ ಬಾರದಿದ್ದರೆ ಆಸ್ಪತ್ರೆಗೆ ಒಯ್ಯಿರಿ, ನಾಳೆ ನೋಡೋಣ ಅನ್ನಬೇಡಿ.

ಮೊಟ್ಟೆ ಇಡುವಾಗ ಕೆಂಪನೆಯ ಭಾಗ ಹೊರಗೆ ಬಂದು ಒಳಗೆ ಹೋಗದಿದ್ದರೆ ಮೊದಲ ಕೆಲಸ ಆ ಕೋಳಿಯನ್ನು ಬೇರೆ ಮಾಡುವುದು. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಕೊಂದೇ ಬಿಡುತ್ತವೆ. ಉಗುರುಬೆಚ್ಚಗಿನ ಶುದ್ಧ ನೀರಲ್ಲಿ ತೊಳೆದು, ಸಕ್ಕರೆ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಊತ ಇಳಿಯುತ್ತದೆ. ಮತ್ತೆ ತೊಳೆದು, ಎಣ್ಣೆ ಹಚ್ಚಿದ ಬೆರಳಿನಿಂದ ಮೆಲ್ಲಗೆ ಒಳಗೆ ಸರಿಸಬಹುದು. ಪದೇ ಪದೇ ಹೊರಬಂದರೆ ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಕೊನೆಯದು ಕಷ್ಟದ್ದು. ಹಳದಿ ಲೋಳೆ ನಾಳದ ಬಾಯಿಗೆ ಬೀಳದೆ ಹೊಟ್ಟೆಯೊಳಗೇ ಬಿದ್ದು ಸೋಂಕಾಗುವುದುಂಟು. ಹೊಟ್ಟೆ ಊದಿ ನೀರು ತುಂಬಿದ ಹಾಗೆ ಮೆತ್ತಗಾಗುತ್ತದೆ, ಕಾಲು ಅಗಲಿಸಿ ನಡೆಯುತ್ತದೆ, ದಿನೇ ದಿನೇ ಸೊರಗುತ್ತದೆ. ಜಾಸ್ತಿ ಮೊಟ್ಟೆ ಇಡುವ ತಳಿಗಳಲ್ಲಿ, ಎರಡು ವರ್ಷ ದಾಟಿದ ಮೇಲೆ ಇದು ಹೆಚ್ಚು. ಬೇಗ ತೋರಿಸಿದರೆ ವೈದ್ಯರು ಪ್ರಯತ್ನ ಮಾಡುತ್ತಾರೆ, ಆದರೆ ಉಳಿಯುವುದು ಕಡಿಮೆ. ನರಳಲು ಬಿಡದೆ ಮುಗಿಸುವುದೂ ಸಾಕುವವರ ಜವಾಬ್ದಾರಿ ಅಂತಲೇ ನಾನು ತಿಳಿದಿದ್ದೇನೆ.

ಲಸಿಕೆ ಬಗ್ಗೆ ಹೇಳದೆ ಈ ಮಾತು ಮುಗಿಯಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಒಂದು ವಾರದಲ್ಲಿ ಅಂಗಳ ಖಾಲಿ. ಕತ್ತು ತಿರುಚುವುದು, ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ. ಇದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ. ಮರಿಗೆ ಮೊದಲ ವಾರ ಕಣ್ಣಿಗೆ ಅಥವಾ ಮೂಗಿಗೆ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮತ್ತೆ. ನಮ್ಮ ಕಷ್ಟ ಏನೆಂದರೆ ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿ ಇರುವ ಮನೆ ಒಂದೇ ಹೋಗಿ ಕೇಳಿದರೆ ಅದು ಆಗಲ್ಲ. ನೀವು ಹತ್ತು ಹದಿನೈದು ಮನೆಯವರು ಸೇರಿ ಒಂದು ಸಂಜೆ ಗೊತ್ತು ಮಾಡಿಕೊಳ್ಳಿ. ಮಂಜುಗಡ್ಡೆ ಹಾಕಿದ ಡಬ್ಬದಲ್ಲಿ ತಂದು ಮನೆ ಮನೆಗೆ ಹೋಗಿ ಹಾಕಿಸಿ. ಮಳೆ ಹಿಡಿಯುವ ಮುಂಚೆ, ಏಪ್ರಿಲ್‌ನಲ್ಲೇ ಮುಗಿಸಿದರೆ ಉತ್ತಮ. ಲಸಿಕೆಗೆ ಒಂದು ವಾರ ಮೊದಲು ಜಂತುಹುಳದ ಔಷಧಿ ಆಗಿರಲಿ.

ಪ್ರಶ್ನೆಗಳು

ಒಬ್ಬ ಅಕ್ಕ ಕೇಳಿದರು, ‘ಒಂದು ಕೋಳಿ ಮೊಟ್ಟೆ ಒಡೆದು ಕುಡಿಯುತ್ತೆ. ಕೊಕ್ಕು ಸುಡಬೇಕು ಅಂತಾರೆ, ಹೌದಾ?’ ಖಂಡಿತ ಬೇಡ. ಕೊಕ್ಕಿನಲ್ಲಿ ನೋವಿನ ನರಗಳಿವೆ. ಈ ಚಟ ಶುರುವಾಗುವುದು ಸಾಮಾನ್ಯವಾಗಿ ತೆಳು ಚಿಪ್ಪಿನ ಮೊಟ್ಟೆ ತಾನಾಗಿ ಒಡೆದಾಗ. ಕ್ಯಾಲ್ಸಿಯಂ ಸರಿ ಮಾಡಿ, ನಾಲ್ಕೈದು ಹೇಂಟೆಗೆ ಮೊಟ್ಟೆ ಇಡಲು ಒಂದು ಗೂಡು ಇರಲಿ, ಆ ಗೂಡು ಸ್ವಲ್ಪ ಕತ್ತಲಾಗಿರಲಿ, ಮೊಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ತೆಗೆಯಿರಿ.

‘ಮೊಟ್ಟೆ ತೊಳೆದು ಇಡಬೇಕಾ?’ ಬೇಡ. ಚಿಪ್ಪಿನ ಮೇಲೆ ಸೂಕ್ಷ್ಮ ಪದರ ಇದೆ, ಅದು ರೋಗಾಣುಗಳನ್ನು ತಡೆಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಕಾವಿಗೆ ಇಡುವುದಾದರೆ ಒಂದು ವಾರದೊಳಗಿನ ಮೊಟ್ಟೆ ಆರಿಸಿ. ಬೇಯಿಸುವ ಮುಂಚೆ ಬೇಕಾದರೆ ತೊಳೆಯಿರಿ.

ಇನ್ನೊಬ್ಬರು, ‘ಔಷಧಿ ಕೊಟ್ಟ ಕೋಳಿಯ ಮೊಟ್ಟೆ ಮಕ್ಕಳಿಗೆ ಕೊಡಬಹುದಾ?’ ಇದನ್ನು ಕೇಳಿದ್ದು ನನಗೆ ಸಂತೋಷವಾಯಿತು. ಔಷಧಿ ರಕ್ತದಿಂದ ಹಳದಿ ಲೋಳೆಗೂ ಸೇರುತ್ತದೆ. ಆ ಲೋಳೆ ಬೆಳೆಯಲು ಎಂಟು ಹತ್ತು ದಿನ ಬೇಕು ಅಂದೆನಲ್ಲ, ಹಾಗಾಗಿ ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಅದರ ಅಂಶ ಮೊಟ್ಟೆಯಲ್ಲಿ ಬರಬಹುದು. ಯಾವ ಔಷಧಿಗೆ ಎಷ್ಟು ದಿನ ಮೊಟ್ಟೆ ಬಿಡಬೇಕು ಅಂತ ಕೊಡುವವರನ್ನೇ ಕೇಳಿ, ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮನುಷ್ಯರ ಆಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಕೋಳಿಗೆ ಹಾಕುವುದನ್ನು ಬಿಟ್ಟುಬಿಡಿ.

ಕೊನೆಗೆ ಒಬ್ಬ ಅಣ್ಣ, ‘ಡಾಕ್ಟ್ರಿಗೆ ಫೋನ್ ಮಾಡಿದ್ರೆ ಏನು ಹೇಳ್ಬೇಕು, ನಮಗೆ ಗೊತ್ತಾಗಲ್ಲ’ ಅಂದರು. ಪಶು ಆಸ್ಪತ್ರೆಗೆ ಮಾಡಿದರೂ ಪಶು ಸಹಾಯವಾಣಿ 1962ಕ್ಕೆ ಮಾಡಿದರೂ ಇಷ್ಟು ಹೇಳಿ: ಕೋಳಿಯ ವಯಸ್ಸು, ತಳಿ. ಕೊನೆಯ ಮೊಟ್ಟೆ ಯಾವಾಗ ಇಟ್ಟಿತು, ಅದರ ಚಿಪ್ಪು ಹೇಗಿತ್ತು. ಒಂದೇ ಕೋಳಿಗಾ, ಇಡೀ ಗುಂಪಿಗಾ. ಹಿಕ್ಕೆಯ ಬಣ್ಣ. ಮೇವಿನ ಚೀಲ ತುಂಬಿದೆಯಾ, ಖಾಲಿಯಾ. ಆ ಎರಡು ಮೂಳೆಗಳ ನಡುವೆ ಎಷ್ಟು ಬೆರಳು ಹಿಡಿಯುತ್ತದೆ. ಫೋನ್ ಮಾಡುವಾಗ ಕೋಳಿ ನಿಮ್ಮ ಕೈಯಲ್ಲೇ ಇದ್ದರೆ ಇದೆಲ್ಲಕ್ಕೂ ಅಲ್ಲೇ ಉತ್ತರ ಸಿಗುತ್ತದೆ.